ಮುಟ್ಟು ನಿಂತ ಮೇಲೆ ರಕ್ತ ಕಂಡರೆ

(ಬಂಡೂರಿನಲ್ಲಿ ಮಾಡಿದ ಭಾಷಣದ ಬರಹರೂಪ)



ಬಂಡೂರು ಎಂದೊಡನೆ ನಾಡಿನವರು ಕುರಿಯನ್ನು ನೆನೆಯುತ್ತಾರೆ. ಕುರಿ ಮೇವು ಬಿಟ್ಟರೆ ಅಂದೇ ಪಶುವೈದ್ಯರನ್ನು ಕರೆಯುವ ಮನೆಯಲ್ಲಿ, ತಾಯಿ ನಡುರಾತ್ರಿ ಬೆವರಿ ಎದ್ದು ಕುಳಿತರೆ ಕೇಳುವವರಿಲ್ಲ.

ನಮ್ಮ ದೇಶದಲ್ಲಿ ಸರಾಸರಿ 46-47ರ ವಯಸ್ಸಿಗೆ ಋತುಬಂಧವಾಗುತ್ತದೆ. ಅಂಡಾಶಯದಲ್ಲಿ ಈಸ್ಟ್ರೋಜನ್ ಹಾರ್ಮೋನಿನ ಉತ್ಪತ್ತಿ ಕುಗ್ಗುತ್ತದೆ. ಮೈ ಒಮ್ಮೆಲೇ ಬಿಸಿಯೇರುವುದು, ನಿದ್ದೆಗೇಡು, ಸಿಡುಕು, ಮೂಳೆ ಸವೆತ ಇವಕ್ಕೆಲ್ಲ ಅದು ಕಾರಣವಾಗಬಲ್ಲುದು. ಅತ್ತೆಯವರಿಗೆ ಇತ್ತೀಚೆಗೆ ಕೋಪ ಹೆಚ್ಚಾಗಿದೆ ಎನ್ನುವ ಸೊಸೆಯಂದಿರು ಇದನ್ನರಿಯಬೇಕು. ಗಂಡಂದಿರಂತೂ ಮೊದಲು ಅರಿಯಬೇಕು.

ಆದರೆ ನಾವಿಂದು ಒತ್ತಿ ಹೇಳಬಯಸುವುದು ಬೇರೆ. ಹನ್ನೆರಡು ತಿಂಗಳು ಮುಟ್ಟಾಗದೆ, ಬಳಿಕ ರಕ್ತ ಕಂಡರೆ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, ನಮಾಝ್ ನಿರ್ವಹಿಸಬಹುದೇ ಎಂಬುದು. ಅದು ಗಂಡನ ಮೂಲಕವೋ ಮಗನ ಮೂಲಕವೋ ಮೌಲವಿಗಳನ್ನು ತಲುಪುತ್ತದೆ. ನ್ಯಾಯವಾದ ಪ್ರಶ್ನೆಯೇ. ಹೈಝ್, ಇಸ್ತಿಹಾಝಾದ ಅಧ್ಯಾಯಗಳನ್ನು ಮದ್ರಸಾದಲ್ಲಿ ಮೀಸೆ ಮೂಡುವ ಮುನ್ನವೇ ನಾವು ಓದಿದ್ದೇವೆ. ಮುಟ್ಟು ನಿಂತ ಸ್ತ್ರೀಯರ ಇದ್ದತ್ ಮೂರು ತಿಂಗಳೆಂದು ಸೂರಃ ಅತ್ತಲಾಕ್ ತಿಳಿಸುತ್ತದೆ. ಗ್ರಂಥಗಳಲ್ಲಿಲ್ಲದ ಸಂಕೋಚ ನಮ್ಮ ಮನೆಗಳಿಗೆ ಎಲ್ಲಿಂದ ಬಂತೋ!

ಉತ್ತರ ದೊರೆತೊಡನೆ ವಿಷಯ ಮುಗಿಯಿತೆಂದು ಭಾವಿಸುವುದೇ ಅಪಾಯ. ಇಸ್ತಿಹಾಝಾ ಎಂಬುದು ಆರಾಧನೆಗೆ ಸಂಬಂಧಿಸಿದ ತೀರ್ಪೇ ಹೊರತು ರೋಗದ ತಪಾಸಣೆಯಲ್ಲ. ಇಂತಹ ರಕ್ತಸ್ರಾವದ ಕಾರಣ ಬಹುಪಾಲು ಸಾಮಾನ್ಯವಾದುದೇ. ಆದರೆ ಹೀಗೆ ರಕ್ತ ಕಂಡ ಸುಮಾರು ಹತ್ತು ಮಂದಿಯಲ್ಲಿ ಒಬ್ಬರಿಗೆ ಅದು ಗರ್ಭಕೋಶದ ಒಳಪದರದ ಕ್ಯಾನ್ಸರಿನ ಸೂಚನೆ. ಬೇಗ ತಿಳಿದರೆ ಬಹುತೇಕ ಗುಣವಾಗುವ ಕ್ಯಾನ್ಸರ್ ಅದು. ಆದ್ದರಿಂದ ಒಮ್ಮೆ ಕಂಡರೂ, ಒಂದೇ ಹನಿ ಕಂಡರೂ ವೈದ್ಯರಿಗೆ ತೋರಿಸಬೇಕು. ಮಸ್‌ಅಲಾ ಹೇಳುವ ಮೌಲವಿಗಳು ಈ ಮಾತನ್ನೂ ಜೊತೆಗೆ ಹೇಳಲಿ.

ತೋರಿಸಲು ಹೋಗುವವರಿಗೆ ಮತ್ತೊಂದು ಅಂಜಿಕೆಯಿದೆ. ವಯಸ್ಸಾಯಿತಲ್ಲ, ಗರ್ಭಕೋಶ ತೆಗೆಸಿಬಿಡಿ ಎಂದಾರು ಎಂಬುದು. ಈ ಅಂಜಿಕೆ ಆಧಾರರಹಿತವಲ್ಲ. ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ ಮಹಿಳೆಯರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ದೂರುಗಳು 2015ರಲ್ಲಿ ಬಹಿರಂಗವಾದವು. ಇತರ ರಾಜ್ಯಗಳ ಇಂತಹುದೇ ಪ್ರಕರಣಗಳ ಕುರಿತು 2023ರ ಎಪ್ರಿಲ್‌ನಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದಿತು. ಹಾಗೆಂದು ಆಸ್ಪತ್ರೆಗೇ ಹೋಗದಿರುವುದು ಪರಿಹಾರವಲ್ಲ. ಮೊದಲು ಸ್ಕ್ಯಾನಿಂಗ್, ಅಗತ್ಯವಿದ್ದರೆ ಒಳಪದರದ ತುಣುಕಿನ ಪರೀಕ್ಷೆ ಆಗಲಿ. ವರದಿ ಕೈಗೆ ಬಂದ ಮೇಲೆ ಶಸ್ತ್ರಚಿಕಿತ್ಸೆಯ ಮಾತು. ವರದಿಯಲ್ಲಿ ಕ್ಯಾನ್ಸರ್ ಇದ್ದರೆ ಮಾತ್ರ ತಡಮಾಡಬಾರದು.

ಮಂಡ್ಯದ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗವಿದೆ. ಬೆಳಗ್ಗೆ ಹೊರಟರೆ ಸಂಜೆಗೆ ಮರಳಬಹುದು. ತಾಯಿಯ ಜೊತೆ ಮಗನೇ ಹೋಗಲಿ.