ಪಕ್ಕದ ಮನೆಯ ಕಸದ ತೊಟ್ಟಿ

(ಕ್ರಿಸ್ತಜಯಂತಿಯ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಆಗಮನ ಕಾಲದ ಎರಡನೆಯ ಭಾನುವಾರ ಪೂಜೆ ಮುಗಿಸಿ ನಾನು ಪೂಜಾವಸ್ತ್ರ ಕಳಚುತ್ತಿದ್ದಾಗ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಬಂದು ನಿಂತರು. ಅವರ ಮಗಳು ನರ್ಸ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕೆಲಸ ಸಿಕ್ಕಿ ಹೋಗಿ ಎಂಟು ತಿಂಗಳಾಯಿತು. "ಫಾದರ್, ನೀವು ಆ ಊರಲ್ಲಿ ಇದ್ದವರಲ್ಲವೇ? ಅಲ್ಲಿ ಅಕ್ಕಪಕ್ಕದವರು ಮಾತಾಡ್ತಾರಾ? ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ ಅಂತಾಳೆ ಮಗಳು" ಎಂದು ಕೇಳಿದರು. ನಾನು ಏನೋ ಹಾರಿಕೆಯ ಮಾತು ಹೇಳಿ ಕಳುಹಿಸಿಬಿಟ್ಟೆ. ಸರಿಯಾದ ಉತ್ತರ ಕೊಡಬೇಕಾದರೆ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಿತ್ತು. ಇಂದು ಹಬ್ಬದ ದಿನ. ಆ ತಾಯಿಯೂ ಇಲ್ಲೇ ಕುಳಿತಿದ್ದಾರೆ. ಹೇಳಿಬಿಡುತ್ತೇನೆ.

ಓದಿನ ನಿಮಿತ್ತ ನಾನು 2015ರಿಂದ 2017ರವರೆಗೆ ಬರ್ಮಿಂಗ್‌ಹ್ಯಾಮಿನ ದಕ್ಷಿಣ ಭಾಗದ ಬೋರ್ನ್‌ವಿಲ್ ಎಂಬ ಬಡಾವಣೆಯಲ್ಲಿದ್ದೆ. ಬೋರ್ನ್‌ವಿಲ್ ಎಂದ ಕೂಡಲೇ ಮುಂದಿನ ಸಾಲಿನ ಮಕ್ಕಳು ನಗುತ್ತಿದ್ದಾರೆ. ಹೌದು ಮಕ್ಕಳೇ, ಆ ಕಪ್ಪು ಚಾಕಲೇಟಿನ ಹೆಸರು ಈ ಊರಿನದೇ. ಗಾಳಿ ನಮ್ಮತ್ತ ಬೀಸಿದ ದಿನ ಬೀದಿಯಲ್ಲೆಲ್ಲ ಕೋಕೋ ವಾಸನೆ ಬರುತ್ತಿತ್ತು. ಮೊದಲ ವಾರ ಅದು ಸ್ವರ್ಗದ ವಾಸನೆ ಎನಿಸಿತು. ಮೂರನೆಯ ವಾರದ ಹೊತ್ತಿಗೆ ಮೂಗಿಗೆ ಗೊತ್ತೇ ಆಗುತ್ತಿರಲಿಲ್ಲ.

ಈ ಊರು ತಾನಾಗಿ ಬೆಳೆದದ್ದಲ್ಲ, ಒಬ್ಬ ಮನುಷ್ಯ ಯೋಚಿಸಿ ಕಟ್ಟಿಸಿದ್ದು. ಜಾರ್ಜ್ ಕ್ಯಾಡ್ಬರಿ ಕ್ವೇಕರ್ ಪಂಥದ ವಿಶ್ವಾಸಿ. ಭಾನುವಾರ ಬೆಳಗಿನ ಜಾವ ಬರ್ಮಿಂಗ್‌ಹ್ಯಾಮಿನ ಕೂಲಿಕಾರರಿಗೆ ಓದುಬರಹ ಕಲಿಸಲು ಹೋಗುತ್ತಿದ್ದರು. ಒಂದೆರಡು ವರ್ಷವಲ್ಲ, ಸುಮಾರು ಐವತ್ತು ವರ್ಷ! (ಒಂದು ವರ್ಷ ಧರ್ಮೋಪದೇಶ ಕಲಿಸಿ ದಣಿದೆವೆನ್ನುವ ನಮ್ಮ ಯುವಕರು ಇದನ್ನು ಗಮನಿಸಬೇಕು.) ಆ ವಿದ್ಯಾರ್ಥಿಗಳ ಮೂಲಕ ಅವರು ವಾಸಿಸುತ್ತಿದ್ದ ಮನೆಗಳು ಇವರ ಕಣ್ಣಿಗೆ ಬಿದ್ದವು. ಬೆನ್ನಿಗೆ ಬೆನ್ನು ಅಂಟಿಸಿ ಕಟ್ಟಿದ ಮನೆಗಳು. ಮೂರು ಕಡೆ ಪಕ್ಕದವರ ಗೋಡೆ, ಒಂದು ಕಡೆ ಮಾತ್ರ ಬಾಗಿಲು ಕಿಟಕಿ. ಹತ್ತಾರು ಸಂಸಾರಗಳಿಗೆ ಒಂದೇ ಅಂಗಳ, ಅಲ್ಲೇ ನೀರು, ಅಲ್ಲೇ ಶೌಚಾಲಯ. ಅಂಥ ಮನೆಗಳ ಒಂದು ಸಾಲನ್ನು ಈಗಲೂ ನಗರದ ನಡುವೆ ವಸ್ತುಸಂಗ್ರಹಾಲಯವಾಗಿ ಉಳಿಸಿದ್ದಾರೆ. ನಾನು ಹೋಗಿ ನೋಡಿದೆ. ಹತ್ತು ನಿಮಿಷದಲ್ಲಿ ಉಸಿರು ಕಟ್ಟಿದಂತಾಯಿತು.

1879ರಲ್ಲಿ ಜಾರ್ಜ್ ಮತ್ತು ಅವರ ಅಣ್ಣ ರಿಚರ್ಡ್ ಕಾರ್ಖಾನೆಯನ್ನು ಊರ ಹೊರಗಿನ ಹೊಲಗಳ ನಡುವೆ, ಬೋರ್ನ್ ಎಂಬ ತೊರೆಯ ಹತ್ತಿರಕ್ಕೆ ತಂದರು. 1893ರಲ್ಲಿ ಜಾರ್ಜ್ 120 ಎಕರೆ ಭೂಮಿ ಕೊಂಡರು. ಎರಡು ವರ್ಷಗಳ ನಂತರ ಮನೆಗಳು ಏಳತೊಡಗಿದವು. ನಿವೇಶನದ ಕಾಲು ಭಾಗಕ್ಕಿಂತ ಹೆಚ್ಚು ಜಾಗದಲ್ಲಿ ಮನೆ ಕಟ್ಟುವಂತಿಲ್ಲ, ಉಳಿದದ್ದೆಲ್ಲ ತೋಟ. ಬಾಡಿಗೆದಾರ ಬರುವ ಮುಂಚೆಯೇ ಹಿತ್ತಲಲ್ಲಿ ಸೇಬು, ಪೇರ್ ಗಿಡಗಳನ್ನು ನೆಟ್ಟುಕೊಡುತ್ತಿದ್ದರು. ಮನೆಗಳು ತಮ್ಮ ಕಾರ್ಖಾನೆಯವರಿಗೆ ಮಾತ್ರ ಎಂಬ ನಿಯಮವಿರಲಿಲ್ಲ, ಯಾರು ಬೇಕಾದರೂ ಬರಬಹುದಿತ್ತು. 1900ರಲ್ಲಿ ಇದೆಲ್ಲವನ್ನೂ ಒಂದು ಟ್ರಸ್ಟಿಗೆ ಬರೆದುಕೊಟ್ಟರು. ಕಾರ್ಖಾನೆ 2010ರಲ್ಲಿ ಅಮೆರಿಕದ ಕಂಪನಿಯ ಪಾಲಾಯಿತು, ಆದರೆ ಆ ಟ್ರಸ್ಟು ಇಂದಿಗೂ ಊರನ್ನು ನೋಡಿಕೊಳ್ಳುತ್ತಿದೆ. ಕಿಟಕಿ ಬದಲಾಯಿಸಬೇಕಾದರೆ, ಮರ ಕಡಿಯಬೇಕಾದರೆ ಅದರ ಅನುಮತಿ ಬೇಕು. ಜನ ಗೊಣಗುತ್ತಾರೆ, ಆದರೂ ಅಲ್ಲೇ ಇರುತ್ತಾರೆ.

ಇನ್ನೊಂದು ವಿಷಯ. ಆ ಬಡಾವಣೆಯಲ್ಲಿ ಮದ್ಯದಂಗಡಿ ಇಲ್ಲ. ಕ್ವೇಕರರು ಕುಡಿತಕ್ಕೆ ವಿರೋಧಿಗಳು, ಬಡವನ ಕೈಗೆ ಬಿಯರಿನ ಬದಲು ಕೋಕೋ ಬರಲಿ ಎಂದು ಬಯಸಿದವರು. 2015ರಲ್ಲಿ ಅಲ್ಲಿಯ ಒಂದು ಅಂಗಡಿಗೆ ಮದ್ಯ ಮಾರಲು ಪರವಾನಗಿ ಸಿಕ್ಕಿದ್ದು ದೊಡ್ಡ ಸುದ್ದಿಯಾಯಿತು. ನಮ್ಮ ತೇರಿನ ರಾತ್ರಿಯನ್ನು ನೆನೆದು ನನಗೆ ಆ ಊರಿನ ಮೇಲೆ ಸ್ವಲ್ಪ ಅಸೂಯೆಯಾಯಿತು ಎಂದರೆ ಯಾರೂ ಕೋಪಿಸಿಕೊಳ್ಳಬೇಡಿ.

ಊರೇನೋ ಚೆಂದ. ಮನೆಗಳ ಮುಂದೆ ಮೊಣಕಾಲೆತ್ತರದ ಹಸಿರು ಬೇಲಿ, ನಡುವೆ ಹುಲ್ಲಿನ ಮೈದಾನ, ಶಾಲೆಯ ಗೋಪುರದಲ್ಲಿ 48 ಗಂಟೆಗಳ ವಾದ್ಯ. ಆದರೆ ಮಾತು? ಮೊದಲ ಆರು ತಿಂಗಳು ನಾನು ಆ ಬೀದಿಯಲ್ಲಿ ಆಡಿದ್ದೆಲ್ಲ ಹವಾಮಾನದ ಮಾತು. "ಚಳಿ ಇದೆ." "ಹೌದು, ಇದೆ." ಅಷ್ಟೇ. ನಮ್ಮಲ್ಲಾದರೆ ಹೊಸಬರು ಬಾಡಿಗೆಗೆ ಬಂದ ದಿನವೇ ಹಾಲು ಉಕ್ಕುವಷ್ಟರಲ್ಲಿ ಇಡೀ ಓಣಿಗೆ ಅವರ ಜಾತಕ ಗೊತ್ತಾಗಿರುತ್ತದೆ. ಎದುರು ಮನೆಯ ಹೆಂಗಸು ಒಂದು ವರ್ಷದಲ್ಲಿ ನನಗೆ ತಲೆಯಾಡಿಸಿದ್ದು ಬಿಟ್ಟರೆ ಒಂದು ಮಾತು ಆಡಿರಲಿಲ್ಲ. ಊರಿಗೆ ಬರೆದ ಪತ್ರದಲ್ಲಿ ನಾನು ಆಕೆಯನ್ನು ಕಲ್ಲಿನಂಥ ಹೆಂಗಸು ಎಂದು ಬರೆದೆ. ಬರೆದದ್ದು ನಿಜ, ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಒಬ್ಬರೇ ಇದ್ದರು. ಅದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಹೆಂಡತಿ ತೀರಿಹೋಗಿದ್ದರು. 2016ರ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ನನ್ನ ಬಾಗಿಲ ಹಿಡಿಕೆಗೆ ಚೀಲವೊಂದು ತೂಗುತ್ತಿತ್ತು. ತುಂಬ ಸೇಬು! ಚೀಟಿ ಇಲ್ಲ, ಹೆಸರಿಲ್ಲ. ಅವರ ಹಿತ್ತಲಿನದೆಂದು ಗುರುತಿಸಿದೆ. ಬಾಗಿಲು ತಟ್ಟಿ ವಂದನೆ ಹೇಳಬಹುದಿತ್ತು. ಆದರೆ ಅಲ್ಲಿ ಕರೆಯದೆ ಬಾಗಿಲು ತಟ್ಟುವ ವಾಡಿಕೆ ಇಲ್ಲವೆಂದು ಯಾರೋ ಹೇಳಿದ್ದರು. ಒಂದು ಕಾರ್ಡ್ ಬರೆದು ಅವರ ಬಾಗಿಲ ಸಂದಿಯಲ್ಲಿ ಹಾಕಿ ಬಂದೆ. ಆಂಗ್ಲರ ರೀತಿ ಕಲಿತೆನೆಂಬ ಹೆಮ್ಮೆ ಬೇರೆ.

ಅಲ್ಲಿ ಪ್ರತಿ ಮನೆಗೂ ಚಕ್ರವಿರುವ ದೊಡ್ಡ ಕಸದ ತೊಟ್ಟಿ. ಆಗ ವಾರಕ್ಕೊಮ್ಮೆ ಬೀದಿಯಂಚಿಗೆ ತಂದಿಡಬೇಕಿತ್ತು, ಲಾರಿ ಬಂದು ಖಾಲಿ ಮಾಡಿದ ಮೇಲೆ ಒಳಗೆ ಎಳೆದುಕೊಳ್ಳಬೇಕಿತ್ತು. ಅಜ್ಜನ ತೊಟ್ಟಿ ಲಾರಿ ಹೋದ ಅರ್ಧ ಗಂಟೆಯಲ್ಲಿ ಒಳಗಿರುತ್ತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ, ಹಬ್ಬಕ್ಕೆ ಹತ್ತು ಹನ್ನೆರಡು ದಿನವಿದ್ದಾಗ, ಸಂಜೆ ನಾನು ನನ್ನ ತೊಟ್ಟಿ ಎಳೆದುಕೊಳ್ಳುವಾಗ ಅವರದು ಇನ್ನೂ ಬೀದಿಯಲ್ಲೇ ಇತ್ತು. ನೋಡಿದೆ. ಮಗಳ ಮನೆಗೆ ಹೋಗಿರಬೇಕು ಅಂದುಕೊಂಡೆ. ಮರುದಿನ ಬೆಳಿಗ್ಗೆ ಪೂಜೆಗೆ ಹೊರಟಾಗಲೂ ತೊಟ್ಟಿ ಅಲ್ಲೇ ಇತ್ತು, ಮುಚ್ಚಳದ ಮೇಲೆ ಹಿಮದ ಪುಡಿ. ಕಾಲುದಾರಿಗೆ ಅಡ್ಡವಾಗಿತ್ತು. ನಾನು ಅದನ್ನು ಬಳಸಿಕೊಂಡು ಮುಂದೆ ನಡೆದೆ. ಪೂಜೆಗೆ ತಡವಾಗುತ್ತಿತ್ತು.

ದಾರಿಯಲ್ಲಿ ಬಿದ್ದವನನ್ನು ಕಂಡು ಬದಿಗೆ ಸರಿದುಹೋದ ಗುರುವಿನ ಕಥೆ ನಿಮಗೆಲ್ಲ ಗೊತ್ತು. ಅದರ ಮೇಲೆ ನಾನೇ ಎಷ್ಟೋ ಸಲ ಪ್ರಬೋಧನೆ ಮಾಡಿದ್ದೇನೆ. ಆ ಗುರುವಿಗೆ ಬಿದ್ದವನಾದರೂ ಕಾಣಿಸಿದ್ದ. ನನಗೆ ಕಾಣಿಸಿದ್ದು ಬರೀ ತೊಟ್ಟಿ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಾನು ಹಿಂತಿರುಗಿದಾಗ ಅಜ್ಜನ ಮನೆಯ ಮುಂದೆ ಆಂಬುಲೆನ್ಸ್ ನಿಂತಿತ್ತು. ಹಿಂದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಇಡೀ ರಾತ್ರಿ ತಣ್ಣನೆಯ ನೆಲದ ಮೇಲೆ ಮಲಗಿದ್ದರು. ನನ್ನ ಮಂಚಕ್ಕೂ ಅವರ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರನ್ನು ಕಂಡುಹಿಡಿದವಳು ಎದುರು ಮನೆಯ ಆ ಹೆಂಗಸು. ಬೆಳಿಗ್ಗೆ ಊರಿನಿಂದ ಬಂದವಳು ತೊಟ್ಟಿ ನೋಡಿದಳು, ಬಾಗಿಲು ತಟ್ಟಿದಳು, ಉತ್ತರ ಬಾರದಾಗ ತನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆರೆದಳು. ಹನ್ನೊಂದು ವರ್ಷಗಳಿಂದ ಅಜ್ಜನ ಮನೆಯ ಕೀಲಿ ಅವಳ ಬಳಿ ಇತ್ತಂತೆ! ಆಂಬುಲೆನ್ಸ್ ಹೋದ ಮೇಲೆ ಆಕೆ ತೊಟ್ಟಿಯನ್ನು ಒಳಗೆ ಎಳೆದಿಟ್ಟು, ನನ್ನತ್ತ ತಿರುಗಿ, "ಕ್ಷಮಿಸಿ, ನಿನ್ನೆ ನಾನು ಊರಲ್ಲಿರಲಿಲ್ಲ. ಇದ್ದಿದ್ದರೆ ಸಂಜೆಯೇ ನೋಡುತ್ತಿದ್ದೆ" ಎಂದಳು. ಊರಲ್ಲಿ ಇಲ್ಲದವಳು ಊರಲ್ಲೇ ಇದ್ದ ನನ್ನ ಬಳಿ ಕ್ಷಮೆ ಕೇಳುತ್ತಿದ್ದಳು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಆಮೇಲೆ ನಾನು ಆ ಬೀದಿಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಹೊತ್ತಿಗೆ ಸರಿಯಾಗಿ ಸರಿಯುವ ಪರದೆ, ಹೊಸ್ತಿಲ ಹಾಲಿನ ಬಾಟಲಿ, ರಾತ್ರಿ ಎಷ್ಟು ಗಂಟೆಗೆ ಯಾವ ದೀಪ ಆರುತ್ತದೆ, ಇವೆಲ್ಲ ಅಲ್ಲಿ ಮಾತುಗಳೇ. ಒಬ್ಬರ ಮನೆಯೊಳಗೆ ನುಗ್ಗದಿರುವುದು ಅವರಿಗೆ ತಾತ್ಸಾರವಲ್ಲ, ಮರ್ಯಾದೆ. ಆದರೆ ಹೊರಗಿನಿಂದ ನೋಡುತ್ತಲೇ ಇರುತ್ತಾರೆ. ನಾನು ಆ ಭಾಷೆಯಲ್ಲಿ ಅರ್ಧ ಮಾತ್ರ ಕಲಿತಿದ್ದೆ, ನುಗ್ಗದಿರುವ ಅರ್ಧ. ಎಲ್ಲ ಬೀದಿಗಳಲ್ಲೂ ಹೀಗೇ ಎಂದು ನಾನು ಹೇಳಲಾರೆ. ಯಾರೂ ಯಾರನ್ನೂ ನೋಡದ ಬೀದಿಗಳೂ ಆ ನಗರದಲ್ಲಿವೆ, ಬೆಂಗಳೂರಿನಲ್ಲಿ ಇದ್ದಂತೆಯೇ.

ಕ್ರಿಸ್ಮಸ್ ಹಿಂದಿನ ಸಂಜೆ ಬೋರ್ನ್‌ವಿಲ್ಲಿನ ಜನ ಮೈದಾನದಲ್ಲಿ ಸೇರಿ ಕ್ಯಾರಲ್ ಹಾಡುತ್ತಾರೆ. ಮಕ್ಕಳ ಕೈಯಲ್ಲಿ ಲಾಂದ್ರ. ಮೈದಾನದ ಅಂಚಿನಲ್ಲಿ 1905ರಲ್ಲಿ ಕಟ್ಟಿದ ಕ್ವೇಕರರ ಸಭಾಮಂದಿರ, ಪಕ್ಕದಲ್ಲೇ ಆಂಗ್ಲಿಕನ್ನರ ಸಂತ ಫ್ರಾನ್ಸಿಸರ ದೇವಾಲಯ. ಸ್ವಲ್ಪ ದೂರದಲ್ಲಿ ಯುದ್ಧದ ನಂತರ ನಿರಾಶ್ರಿತರಾಗಿ ಬಂದ ಸರ್ಬಿಯನ್ನರು 1960ರ ದಶಕದಲ್ಲಿ ಕಟ್ಟಿಕೊಂಡ ಗುಮ್ಮಟದ ದೇವಾಲಯ. ಯಾರು ಯಾವ ಸಭೆಯವರೆಂದು ಆ ಕತ್ತಲಲ್ಲಿ ಗೊತ್ತಾಗುತ್ತಿರಲಿಲ್ಲ. ಆ ಗುಂಪಿನಲ್ಲಿ ಎದುರು ಮನೆಯ ಹೆಂಗಸು ನನ್ನ ಪಕ್ಕದಲ್ಲೇ ನಿಂತಿದ್ದಳು. ಎರಡು ಹಾಡುಗಳ ನಡುವೆ ನಾನು ಹೇಳಿದೆ: "ತೊಟ್ಟಿಯನ್ನು ನಾನು ನೋಡಿದ್ದೆ. ಎರಡು ಸಲ." ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬೈಯುತ್ತಾಳೆಂದುಕೊಂಡೆ. "ನಿಮ್ಮ ಮನೆಯ ಕೀಲಿ ಯಾರ ಬಳಿ ಇದೆ?" ಎಂದು ಕೇಳಿದಳು. ಯಾರ ಬಳಿಯೂ ಇಲ್ಲ ಎಂದೆ. "ನಾಳೆ ತಂದುಕೊಡಿ" ಎಂದಳು. ಮುಂದಿನ ಹಾಡು ಶುರುವಾಯಿತು.

ಹಬ್ಬದ ದಿನ ಆ ದೇಶದಲ್ಲಿ ರೈಲು ಓಡುವುದಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಎದುರು ಮನೆಗೆ ಕೀಲಿ ಕೊಟ್ಟು, ಆಸ್ಪತ್ರೆಗೆ ನಡೆದೇ ಹೋದೆ. ಅಜ್ಜನಿಗೂ ಎಲ್ಲ ಹೇಳಿದೆ. "ನನಗೆ ತೊಂದರೆ ಕೊಡಬಾರದೆಂದು ನೀವು ಎಣಿಸಿದಿರಿ" ಎಂದು ಅವರು ನನ್ನ ಕೈ ತಟ್ಟಿದರು. ಅವರು ಕ್ಷಮಿಸಿದರು, ನಿಜ. ಆದರೆ ಮತ್ತೆ ಆ ಮನೆಗೆ ಮರಳಲಿಲ್ಲ. ವಸಂತ ಕಾಲದಲ್ಲಿ ವೃದ್ಧಾಶ್ರಮ ಸೇರಿದರು. ಹಿತ್ತಲಿನ ಸೇಬಿನ ಗಿಡ ಹೂ ಬಿಟ್ಟಾಗ ಮನೆಯ ಮುಂದೆ ಮಾರಾಟದ ಫಲಕ ನಿಂತಿತ್ತು.

ಅಮ್ಮ, ನೀವು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ಇಷ್ಟು ದೂರ ಸುತ್ತಬೇಕಾಯಿತು. ನಿಮ್ಮ ಮಗಳಿಗೆ ಇವತ್ತು ರಾತ್ರಿ ಪಾಳಿ ಇದೆಯೆಂದು ಹೇಳಿದ್ದಿರಿ. ಮಧ್ಯಾಹ್ನ ಫೋನ್ ಮಾಡುತ್ತಾಳಲ್ಲ, ಆಗ ಆಕೆಯ ಮನೆಯ ಇನ್ನೊಂದು ಕೀಲಿ ಯಾರ ಬಳಿ ಇದೆ ಎಂದು ಕೇಳಿ. ನೀವು ಕಳುಹಿಸಿದ ಕಲ್ಕಲ್, ಚಕ್ಕುಲಿ ತಲುಪಿದ್ದರೆ ಅದರಲ್ಲಿ ಅರ್ಧ ಪಕ್ಕದ ಮನೆಗೆ ಹೋಗಲಿ. ಬಾಗಿಲ ಹಿಡಿಕೆಗೆ ತೂಗುಹಾಕಿ ಬರುವುದು ಬೇಡ, ತಟ್ಟಲಿ.