ತಟ್ಟದೆ ಬಿಟ್ಟ ಬಾಗಿಲು
(ಕ್ರಿಸ್ತಜಯಂತಿಯ ಪ್ರಬೋಧನೆ)



ಈ ವಾರ ನಮ್ಮ ಮನೆಗಳಲ್ಲೆಲ್ಲ ಒಂದೇ ಪರಿಮಳ. ಆಗಮನ ಕಾಲದ ಆರಂಭದಲ್ಲೇ ನೆನೆಹಾಕಿದ ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ ಈಗ ಕೇಕ್ ಆಗಿವೆ. ಓವನ್ ಇಲ್ಲದ ಕಾಲದಲ್ಲಿ ನಮ್ಮ ತಾಯಂದಿರು ಪಾತ್ರೆಗೆ ಮರಳು ಹಾಸಿ, ಮುಚ್ಚಳದ ಮೇಲೆ ಕೆಂಡ ಹರಡಿ ಇದನ್ನೇ ಬೇಯಿಸುತ್ತಿದ್ದರು. ತಳ ಸೀದರೂ ಯಾರೂ ದೂರುತ್ತಿರಲಿಲ್ಲ! ಪ್ರಭು ಯೇಸು ಹುಟ್ಟಿದ ಬೆತ್ಲೆಹೇಮಿಗೆ ಹಿಬ್ರೂ ಭಾಷೆಯಲ್ಲಿ 'ರೊಟ್ಟಿಯ ಮನೆ' ಎಂದರ್ಥ. ನಮ್ಮ ಅಡುಗೆಮನೆ ಗೋದಲಿಗೆ ದೂರವೇನಲ್ಲ.

ಆದರೆ ತಟ್ಟೆ ಜೋಡಿಸುವಾಗ ನಾವು ಲೆಕ್ಕ ಹಾಕುತ್ತೇವೆ: ಹೋದ ವರ್ಷ ಯಾರು ಕೊಟ್ಟರು, ಯಾರು ಕೊಡಲಿಲ್ಲ. ಸಾವಾದ ಮನೆಯನ್ನಂತೂ ಬಿಟ್ಟೇಬಿಡುತ್ತೇವೆ. ದುಃಖದಲ್ಲಿರುವವರಿಗೆ ಸಿಹಿ ಕೊಡುವುದು ಹೇಗೆಂಬ ಸಂಕೋಚ. ಕಳೆದ ಕ್ರಿಸ್ಮಸ್ಸಿನಲ್ಲಿ, ಪತಿಯನ್ನು ಕಳೆದುಕೊಂಡ ತಾಯಿಯೊಬ್ಬರು ಪೂಜೆಯ ನಂತರ ಹೇಳಿದರು: "ಫಾದರ್, ಈ ಸಲ ನಾವು ಏನೂ ಮಾಡಲಿಲ್ಲ, ಅದು ಸರಿ. ಆದರೆ ನಮ್ಮ ಬಾಗಿಲನ್ನೂ ಯಾರೂ ತಟ್ಟಲಿಲ್ಲ."

ನಾವೂ ತಟ್ಟಿರಲಿಲ್ಲ.

ನೆಹೆಮೀಯನ ಗ್ರಂಥದ 8ನೇ ಅಧ್ಯಾಯದಲ್ಲಿ ಧರ್ಮಶಾಸ್ತ್ರವನ್ನು ಕೇಳಿ ಜನ ಅಳುತ್ತಾರೆ. ಅಳಬೇಡಿ, ಹೋಗಿ ಹಬ್ಬದೂಟ ಮಾಡಿ ಎಂದು ಅವರಿಗೆ ಹೇಳುವಾಗಲೇ, ಏನನ್ನೂ ಸಿದ್ಧಮಾಡಿಕೊಳ್ಳದವರಿಗೂ ಪಾಲು ಕಳುಹಿಸಿ ಎಂಬ ಅಪ್ಪಣೆ ಸೇರಿರುತ್ತದೆ. ಏಕೆ ಸಿದ್ಧಮಾಡಿಲ್ಲ ಎಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ. ಸಾವಾದ ವರ್ಷ ಹಬ್ಬದ ತಿಂಡಿ ಮಾಡದ ನಮ್ಮ ಮನೆಗಳು ಅವರಲ್ಲದೆ ಇನ್ಯಾರು?

ಈ ವರ್ಷ ನಮ್ಮ ಧರ್ಮಕೇಂದ್ರದಲ್ಲಿ ಅಂಥ ಮನೆಗಳು ಏಳು. ಗುರುಮನೆಯಲ್ಲಿ ಏಳು ತಟ್ಟೆಗಳು ಸಿದ್ಧವಾಗಿವೆ. ಪೂಜೆಯ ನಂತರ ಗಾಯಕವೃಂದದ ಮಕ್ಕಳು ನಮ್ಮ ಜೊತೆ ಬರಲಿ. ತಟ್ಟೆ ಕೊಟ್ಟು ಓಡಿಬರುವುದು ಬೇಡ, ಸ್ವಲ್ಪ ಹೊತ್ತು ಕೂತು ಬರೋಣ.