ತೂಕ ಇಳಿಯಿತು, ಮೆಟ್ಟಿಲು ಹತ್ತಲಾಗಲಿಲ್ಲ



ಅರಿಶಿನ-ಕುಂಕುಮದ ದಿನ ನಿಮ್ಮಲ್ಲೊಬ್ಬರು ಕೇಳಿದ್ದಿರಿ, "ಅಕ್ಕಾ, ಊಟ ಕಡಿಮೆ ಮಾಡಿದರೆ ಸಾಲದೇ, ವ್ಯಾಯಾಮವೂ ಬೇಕೇ?"

ಬರೀ ತೂಕ ಇಳಿಯಬೇಕಾದರೆ ಊಟವೇ ಸಾಕು. ಅರ್ಧ ಗಂಟೆ ಬಿರುಸಾಗಿ ನಡೆದು ಕರಗಿಸಿದ್ದು ಮನೆಗೆ ಬಂದು ತುಪ್ಪ ಹಾಕಿದ ಒಂದು ಹೋಳಿಗೆ ತಿಂದರೆ ವಾಪಸ್!

ನಾನೂ 52ನೇ ವಯಸ್ಸಿನಲ್ಲಿ ರಾತ್ರಿಯ ಅನ್ನ, ಚಹಾದ ಸಕ್ಕರೆ ಬಿಟ್ಟೆ. ಐದು ತಿಂಗಳಲ್ಲಿ 9 ಕಿಲೊ ಇಳಿದೆ. ರವಿಕೆಗಳನ್ನೆಲ್ಲ ಹಿಡಿಸಿಕೊಂಡು ಬೀಗಿದೆ. ಆದರೆ ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ನಡುವೆ ಕಂಬಿ ಹಿಡಿದು ನಿಲ್ಲಬೇಕಾಯಿತು. ದಪ್ಪಗಿದ್ದಾಗ ಹಾಗಾಗಿರಲಿಲ್ಲ. ಮೊಮ್ಮಗುವನ್ನು ಎತ್ತಿಕೊಂಡು ನೆಲದಿಂದ ಏಳಲಾರದೆ ಸೊಸೆಯನ್ನು ಕೂಗಿದೆ. ಅವತ್ತು ನಿಜವಾಗಿ ಹೆದರಿದೆ.

ವೈದ್ಯೆ ತಿಳಿಸಿ ಹೇಳಿದರು: ಊಟವನ್ನಷ್ಟೇ ಕಡಿಮೆ ಮಾಡಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮುಟ್ಟು ನಿಂತ ಮೇಲೆ ಮೂಳೆಯೂ ಸವೆಯುತ್ತದೆ. ಹೋದದ್ದು ಯಾವುದೆಂದು ತೂಕದ ಯಂತ್ರ ಹೇಳುವುದಿಲ್ಲ.

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ಮರೆಯುವುದು ಆ ಎರಡನೆಯದನ್ನೇ. ಜಿಮ್ಮೇ ಆಗಬೇಕೆಂದಿಲ್ಲ. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು, ಲೀಟರ್ ನೀರಿನ ಬಾಟಲಿ ಎತ್ತುವುದು, ಇಷ್ಟರಿಂದ ನಾನು ಶುರು ಮಾಡಿದೆ. ಮೊಸರು, ಬೇಳೆ, ಮೊಳಕೆಕಾಳು ಹೆಚ್ಚಿಸಿದೆ. ಮಂಡಿನೋವು, ಬಿಪಿ ಇರುವವರು ಮೊದಲು ವೈದ್ಯರನ್ನು ಕೇಳಿ. "ಮನೆಗೆಲಸವೇ ವ್ಯಾಯಾಮ" ಎನ್ನಬೇಡಿ. ಮೂವತ್ತು ವರ್ಷ ನಾನೂ ಹಾಗೇ ಹೇಳಿಕೊಂಡು ಬಂದವಳು.

ನಾಲ್ಕು ತಿಂಗಳಾಯಿತು. ತೂಕ ಅರ್ಧ ಕಿಲೊ ಏರಿದೆ, ಬೇಜಾರಿಲ್ಲ. ಇವತ್ತು ಬರುವಾಗ ಸೇತುವೆಯನ್ನು ನಿಲ್ಲದೆ ಹತ್ತಿದೆ. ಕಂಬಿ ಮಾತ್ರ ಇನ್ನೂ ಹಿಡಿಯುತ್ತೇನೆ.

ಈಗ ಎಲ್ಲರೂ ಕುರ್ಚಿಯಿಂದ ಹತ್ತು ಸಲ ಎದ್ದು ಕೂರೋಣವೇ? ಚಹಾ ಆಮೇಲೆ.